ಡಿಸ್ಕ್ ಅರೇಗಳ ಹಿನ್ನೆಲೆ ತಪಾಸಣೆಗೆ ವೇಳೆ ಗೊತ್ತುಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆಯ ಕೆಲವು ಸಹಕಾರಿ ಸಂಘಗಳು, ಒಂದೆರಡು ಕನ್ನಡ ಮಾಧ್ಯಮ ಶಾಲೆಗಳು ಮತ್ತು ತಾಳಮದ್ದಳೆಯ ಹಳೆಯ ಧ್ವನಿಮುದ್ರಣಗಳನ್ನು ಕೂಡಿಟ್ಟಿರುವ ಒಂದು ಖಾಸಗಿ ಸಂಗ್ರಹ, ಇವುಗಳ ಡಿಸ್ಕ್ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಅಲ್ಲಿನ ಸಿಬ್ಬಂದಿಯೂ, ಇಂಥದೇ ಪೆಟ್ಟಿಗೆಯನ್ನು ಮನೆಯಲ್ಲಿಟ್ಟುಕೊಂಡ ಪರಿಚಿತರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟರೆ ಅನುಕೂಲವೆಂದು ಇದನ್ನು ಸಿದ್ಧಪಡಿಸಿದ್ದೇನೆ. ರೇಡ್ ಎಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಕಟ್ಟಿ, ಅವುಗಳಲ್ಲೊಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವ ವ್ಯವಸ್ಥೆ, ಹಾಗೆ ಕಟ್ಟಿದ ಗುಂಪು ಅರೇ, ರೇಡ್ 1, 5ರಂಥ ಸಂಖ್ಯೆಗಳು ಕಟ್ಟುವ ಬೇರೆ ಬೇರೆ ಬಗೆಗಳು ಎಂಬಷ್ಟು ತಿಳಿದಿದ್ದರೆ ಮುಂದಿನದನ್ನು ಓದಲು ಸಾಕು.

ಹಿನ್ನೆಲೆ ತಪಾಸಣೆ ಎಂದರೆ ಏನು?

ಅರೇಯಲ್ಲಿರುವ ಪ್ರತಿಯೊಂದು ಡಿಸ್ಕನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಓದಲಾಗದ ಜಾಗ ಎಲ್ಲಾದರೂ ಇದೆಯೇ, ಒಂದು ಡಿಸ್ಕಿನಲ್ಲಿರುವುದು ಇನ್ನೊಂದರ ಪ್ರತಿಯೊಡನೆ ಅಥವಾ ಪ್ಯಾರಿಟಿಯೊಡನೆ (ಕೆಟ್ಟ ಡಿಸ್ಕಿನ ಮಾಹಿತಿಯನ್ನು ಮರಳಿ ಲೆಕ್ಕ ಹಾಕಲು ಬರೆದಿಡುವ ಹೆಚ್ಚುವರಿ ಮಾಹಿತಿ) ತಾಳೆಯಾಗುತ್ತದೆಯೇ ಎಂದು ನೋಡುವುದೇ ಈ ತಪಾಸಣೆ. ಅರೇಯನ್ನು ನಿಲ್ಲಿಸಬೇಕಾಗಿಲ್ಲ, ಕಚೇರಿಯ ಕೆಲಸ ಎಂದಿನಂತೆ ನಡೆಯುತ್ತಿರುವಾಗಲೇ ಇದು ಹಿಂದೆ ನಡೆಯುತ್ತಿರುತ್ತದೆ, ಆದ್ದರಿಂದಲೇ ಆ ಹೆಸರು. ಡಿಸ್ಕಿನ ಒಂದು ಸೆಕ್ಟರ್, ಅಂದರೆ ಮಾಹಿತಿ ಬರೆಯುವ ಚಿಕ್ಕ ತುಂಡು ಜಾಗ, ಕೆಟ್ಟರೆ ಅದು ತಾನಾಗಿ ಕೂಗಿ ಹೇಳುವುದಿಲ್ಲ. ಯಾರಾದರೂ ಆ ಜಾಗವನ್ನು ಓದಲು ಹೋದಾಗ ಮಾತ್ರ ಕೆಟ್ಟಿರುವುದು ಗೊತ್ತಾಗುತ್ತದೆ. ಯಾರೂ ಓದದ ಜಾಗ ವರ್ಷಗಟ್ಟಲೆ ಕೆಟ್ಟೇ ಇರಬಹುದು.

ಇಂಥ ಅಡಗಿದ ದೋಷಗಳು ಅಪರೂಪವೇನೂ ಅಲ್ಲ. ಸುಮಾರು 15.3 ಲಕ್ಷ ಡಿಸ್ಕ್‌ಗಳನ್ನು 32 ತಿಂಗಳ ಕಾಲ ಗಮನಿಸಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶೇ. 3.45ರಷ್ಟು ಡಿಸ್ಕ್‌ಗಳಲ್ಲಿ ಇಂಥ ಸೆಕ್ಟರ್ ದೋಷಗಳು ಕಂಡುಬಂದಿದ್ದವು. ನೂರರಲ್ಲಿ ಮೂರು ಎಂದರೆ ಕಡಿಮೆ ಎನಿಸಬಹುದು, ಆದರೆ ನಿಮ್ಮ ಪೆಟ್ಟಿಗೆಯಲ್ಲಿ ಒಂದೇ ಸಲ ಒಂದೇ ತಂಡದಲ್ಲಿ ಕೊಂಡ ಎಂಟು ಡಿಸ್ಕ್‌ಗಳಿರುವಾಗ ಆ ಲೆಕ್ಕವನ್ನು ಹಗುರವಾಗಿ ನೋಡುವಂತಿಲ್ಲ.

ಒಂದು ಡಿಸ್ಕ್ ಹೋದರೂ ರೇಡ್ ಕಾಪಾಡುತ್ತದೆ ಎಂದಮೇಲೆ ಇಷ್ಟೆಲ್ಲ ಏಕೆ?

ಒಂದು ಡಿಸ್ಕ್ ಹೋದಾಗ ಉಳಿದ ಎಲ್ಲ ಡಿಸ್ಕ್‌ಗಳೂ ಪೂರ್ತಿ ಓದಲು ಸಿಗುತ್ತವೆ ಎಂಬ ನಂಬಿಕೆಯ ಮೇಲೆಯೇ ರೇಡ್ 5 ನಿಂತಿದೆ. ಆ ನಂಬಿಕೆಯನ್ನು ಆಗಾಗ ಪರೀಕ್ಷಿಸಿ ನೋಡುವುದಕ್ಕಾಗಿಯೇ ತಪಾಸಣೆ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ರೂಪಕ್ಕೆ ತಂದು ನಾಲ್ಕು ಟಿಬಿಯ ನಾಲ್ಕು ಡಿಸ್ಕ್‌ಗಳ ರೇಡ್ 5 ಅರೇಯಲ್ಲಿ ಇಟ್ಟಿದ್ದೆವು. ಒಂದು ಡಿಸ್ಕ್ ಕೈಕೊಟ್ಟಿತು; ಮಂಗಳೂರಿನಿಂದ ಹೊಸದನ್ನು ತರಿಸಿ, ಹಾಕಿ, ಉಳಿದ ಡಿಸ್ಕ್‌ಗಳಿಂದ ಅದನ್ನು ಮತ್ತೆ ತುಂಬಿಸುವ ರೀಬಿಲ್ಡ್ ಆರಂಭಿಸಿ, ನಿಶ್ಚಿಂತೆಯಿಂದ ಊಟಕ್ಕೆ ಹೋದೆ. ಮರಳಿ ಬಂದಾಗ ಪರದೆಯ ಮೇಲೆ ಸಂಖ್ಯೆ ಶೇ. 71ರಲ್ಲಿ ನಿಂತಿತ್ತು, ಮೂರನೆಯ ಡಿಸ್ಕಿನಿಂದ ಕೆಲವು ಸೆಕೆಂಡುಗಳಿಗೊಮ್ಮೆ ಟಿಕ್ ಎಂಬ ಸದ್ದು ಬರುತ್ತಿತ್ತು. ಯಾರೂ ಅನೇಕ ವರ್ಷಗಳಿಂದ ಕೇಳಿರದ ಒಂದು ಪ್ರಸಂಗದ ಕಡತ ಇದ್ದ ಜಾಗವನ್ನು ಆ ಡಿಸ್ಕ್ ಓದಲಾರದೆ ಹೋಗಿತ್ತು. ಆ ಜಾಗ ಯಾವಾಗ ಕೆಟ್ಟಿತೋ ತಿಳಿಯದು. ಎಲ್ಲ ಡಿಸ್ಕ್‌ಗಳೂ ಸರಿಯಿದ್ದ ದಿನಗಳಲ್ಲಿ ಒಂದು ತಪಾಸಣೆ ನಡೆದಿದ್ದರೆ ಉಳಿದ ಮೂರು ಡಿಸ್ಕ್‌ಗಳ ಸಹಾಯದಿಂದ ಅದು ಸದ್ದಿಲ್ಲದೆ ಸರಿಯಾಗುತ್ತಿತ್ತು. ಬಹುಪಾಲು ಕಡತಗಳು ಇನ್ನೊಬ್ಬರ ಮನೆಯಲ್ಲಿದ್ದ ಪ್ರತಿಯಿಂದ ಮರಳಿ ಸಿಕ್ಕವು. ಎರಡು ರಾತ್ರಿಗಳ ಕೂಟಗಳು ಸಿಗಲಿಲ್ಲ, ಅವುಗಳ ಮೂಲ ಕ್ಯಾಸೆಟ್‌ಗಳಿಗೆ ಬೂಸಲು ಹಿಡಿದಿತ್ತು.

ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡಿಸ್ಕ್‌ಗಳ ವಿವರಪತ್ರದಲ್ಲಿ 10ರ 14ನೆಯ ಘಾತದಷ್ಟು ಬಿಟ್‌ಗಳಿಗೆ ಒಂದು ಓದಲಾಗದ ದೋಷ ಇರಬಹುದೆಂದು ಬರೆದಿರುತ್ತದೆ. ಅದು ಸುಮಾರು 12.5 ಟಿಬಿ. ಮೇಲಿನ ರೀಬಿಲ್ಡ್‌ನಲ್ಲಿ ಓದಬೇಕಾಗಿದ್ದದ್ದು ಮೂರು ಡಿಸ್ಕ್‌ಗಳಿಂದ 12 ಟಿಬಿ. ಈ ಸಂಖ್ಯೆ ತಯಾರಕರು ಒಪ್ಪಿಕೊಳ್ಳುವ ಮೇಲ್ಮಿತಿಯೇ ಹೊರತು ಪ್ರತಿ ಸಲವೂ ಹಾಗೆಯೇ ಆಗುತ್ತದೆಂದು ಅರ್ಥವಲ್ಲ, ಒಳ್ಳೆಯ ಡಿಸ್ಕ್‌ಗಳು ಇದಕ್ಕಿಂತ ಎಷ್ಟೋ ಚೆನ್ನಾಗಿ ನಡೆದುಕೊಳ್ಳುತ್ತವೆ. ಆದರೂ ಅದೃಷ್ಟದ ಮೇಲೆ ಭಾರ ಹಾಕುವಷ್ಟು ಅಂತರ ಅಲ್ಲಿಲ್ಲ.

ಸ್ಕ್ರಬ್, ಪ್ಯಾಟ್ರೋಲ್ ರೀಡ್, ಕನ್ಸಿಸ್ಟೆನ್ಸಿ ಚೆಕ್, ಸ್ಮಾರ್ಟ್ ಟೆಸ್ಟ್: ಇವೆಲ್ಲ ಒಂದೆಯೇ?

ಒಂದೇ ಕುಟುಂಬದವು, ಆದರೆ ಒಂದೇ ಅಲ್ಲ. ಪ್ಯಾಟ್ರೋಲ್ ರೀಡ್ ಎಂಬುದು ರೇಡ್ ಕಾರ್ಡುಗಳಲ್ಲಿ ಕಾಣುವ ಮಾತು, ಅಕ್ಷರಶಃ ಗಸ್ತು ತಿರುಗುವುದು: ಕಾರ್ಡು ಒಂದೊಂದೇ ಡಿಸ್ಕನ್ನು, ಸುಮ್ಮನೆ ಕಾದು ಕುಳಿತ ಹಾಟ್ ಸ್ಪೇರ್ ಡಿಸ್ಕನ್ನೂ ಸೇರಿಸಿ, ಓದಿ ನೋಡುತ್ತದೆ, ಓದಿದ್ದು ಇನ್ನೊಂದರೊಡನೆ ಹೊಂದುತ್ತದೆಯೇ ಎಂದು ಕೇಳುವುದಿಲ್ಲ. ಆ ತಾಳೆ ನೋಡುವುದು ಕನ್ಸಿಸ್ಟೆನ್ಸಿ ಚೆಕ್‌ನ ಕೆಲಸ, ಅದು ಕಟ್ಟಿದ ಅರೇಯ ಮೇಲೆ ನಡೆಯುತ್ತದೆ. ತಾಳೆ ನೋಡಲು ಎರಡನೆಯ ಪ್ರತಿಯೇ ಇಲ್ಲದ ರೇಡ್ 0ಕ್ಕೆ ಅದು ಅನ್ವಯಿಸುವುದಿಲ್ಲ. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್‌ನಲ್ಲಿ ‘ಚೆಕ್’ ಎಂಬ ಒಂದೇ ಕ್ರಿಯೆ ಇವೆರಡನ್ನೂ ಒಟ್ಟಿಗೆ ಮಾಡುತ್ತದೆ.

ಝಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಗಳಲ್ಲಿ ಇದಕ್ಕೆ ಸ್ಕ್ರಬ್ ಎಂದು ಹೆಸರು, ಮತ್ತು ಇದು ಒಂದು ಹೆಜ್ಜೆ ಮುಂದಿನದು. ಪ್ರತಿ ತುಣುಕು ಮಾಹಿತಿಗೂ ಬೇರೆ ಕಡೆ ಒಂದು ಚೆಕ್‌ಸಮ್, ಅಂದರೆ ಆ ಮಾಹಿತಿಯಿಂದಲೇ ಲೆಕ್ಕ ಹಾಕಿದ ಪರೀಕ್ಷಾ ಸಂಖ್ಯೆ, ಬರೆದಿಟ್ಟಿರುವುದರಿಂದ, ಎರಡು ಪ್ರತಿಗಳು ಬೇರೆಯಾದಾಗ ಯಾವುದು ಸರಿ ಎಂದು ಹೇಳಲು ಅವುಗಳಿಗೆ ಆಧಾರವಿದೆ. ಅಲ್ಲದೆ ಅವು ಮಾಹಿತಿ ತುಂಬಿದ ಭಾಗವನ್ನು ಮಾತ್ರ ಓದುತ್ತವೆ, ಖಾಲಿ ಜಾಗದಲ್ಲಿ ಸಮಯ ಕಳೆಯುವುದಿಲ್ಲ. ಸ್ಮಾರ್ಟ್ ಟೆಸ್ಟ್ ಮಾತ್ರ ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕ್ರಮ. ಅರೇಯ ವಿಷಯ ಅದಕ್ಕೆ ಗೊತ್ತೇ ಇಲ್ಲ.

ಎಷ್ಟು ದಿನಕ್ಕೊಮ್ಮೆ ತಪಾಸಣೆ ಮಾಡಬೇಕು?

ತಿಂಗಳಿಗೊಮ್ಮೆ ಎಂಬುದು ನನ್ನ ಉತ್ತರ, ಮತ್ತು ಹೆಚ್ಚಿನ ವ್ಯವಸ್ಥೆಗಳ ರೂಢಿಯೂ ಅದರ ಹತ್ತಿರವೇ ಇದೆ. ಝಡ್‌ಎಫ್‌ಎಸ್ ಬಳಸುವ ಟ್ರೂನ್ಯಾಸ್ ಎಂಬ ತಂತ್ರಾಂಶದಲ್ಲಿ ತಾನಾಗಿ ಇರುವ ಅಂತರ 35 ದಿನ. ರೇಡ್ ಕಾರ್ಡುಗಳ ಪ್ಯಾಟ್ರೋಲ್ ರೀಡ್‌ಗೆ 168 ಗಂಟೆ, ಅಂದರೆ ವಾರಕ್ಕೊಮ್ಮೆ ಎಂಬ ಅಂತರ ಸಾಮಾನ್ಯ.

ಹೆಚ್ಚು ಮಾಡಿದಷ್ಟೂ ಒಳ್ಳೆಯದಲ್ಲವೇ ಎಂದು ಕೇಳುವವರಿಗೆ ಒಂದು ಲೆಕ್ಕ. ಡಿಸ್ಕ್ ತಯಾರಕರು ವರ್ಷಕ್ಕೆ ಇಷ್ಟು ಓದು-ಬರಹಕ್ಕೆ ಈ ಡಿಸ್ಕ್ ತಕ್ಕುದು ಎಂದು ನಮೂದಿಸಿರುತ್ತಾರೆ: ಮೇಜಿನ ಕಂಪ್ಯೂಟರಿನ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ 55 ಟಿಬಿ, ನ್ಯಾಸ್ ಪೆಟ್ಟಿಗೆಗಳಿಗೆಂದು (ಜಾಲದ ಮೂಲಕ ಹಲವರು ಬಳಸುವ ಡಿಸ್ಕ್ ಪೆಟ್ಟಿಗೆಗಳು) ಮಾರುವ ಡಿಸ್ಕ್‌ಗಳಲ್ಲಿ ಅನೇಕಕ್ಕೆ 180 ಟಿಬಿ, ದೊಡ್ಡ ಡೇಟಾ ಸೆಂಟರಿನ ಡಿಸ್ಕ್‌ಗಳಿಗೆ 550 ಟಿಬಿ. ಎಂಟು ಟಿಬಿಯ ಡಿಸ್ಕನ್ನು ತಿಂಗಳಿಗೊಮ್ಮೆ ಪೂರ್ತಿ ಓದಿದರೆ ವರ್ಷಕ್ಕೆ 96 ಟಿಬಿ ಆಗುತ್ತದೆ. ವಾರಕ್ಕೊಮ್ಮೆ ಓದಿದರೆ 416 ಟಿಬಿ. ನ್ಯಾಸ್ ಡಿಸ್ಕಿಗೆ ಮೊದಲನೆಯದು ಅಂಕೆಯೊಳಗಿದೆ, ಎರಡನೆಯದು ಎರಡು ಪಟ್ಟು ಮೀರಿದೆ, ಅದೂ ನಿಮ್ಮ ನಿಜವಾದ ಕೆಲಸ ಇನ್ನೂ ಆರಂಭವಾಗುವ ಮೊದಲೇ. ಈ ಅಂಕಿ ದಾಟಿದ ಕೂಡಲೆ ಡಿಸ್ಕ್ ಸಾಯುವುದಿಲ್ಲ, ಆದರೆ ಪ್ರತಿ ರಾತ್ರಿ ತಪಾಸಣೆ ಇಟ್ಟುಕೊಳ್ಳುವುದು ಜಾಣತನವಲ್ಲ ಎಂಬುದಕ್ಕೆ ಇಷ್ಟು ಸಾಕು.

ನಮ್ಮ ಕಡೆಯ ಕೃಷಿಕರಿಗೆ ನಾನು ಹೇಳುವುದು ಹೀಗೆ: ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಕಳೆದು ಇನ್ನೊಮ್ಮೆ ಹೊಡೆಯುತ್ತೀರಲ್ಲವೇ, ಗೊನೆಯಲ್ಲಿ ರೋಗ ಕಂಡಮೇಲೆ ಅಲ್ಲವಷ್ಟೆ. ದೋಷ ಒಂದು ಡಿಸ್ಕಿನಲ್ಲಿ ಹುಟ್ಟಿ, ಎರಡನೆಯ ಡಿಸ್ಕ್ ಕೆಡುವುದರೊಳಗೆ ಅದು ಸಿಕ್ಕಿಬೀಳುವಷ್ಟು ಹತ್ತಿರದ ಅಂತರ ಇರಬೇಕು.

ಒಂದು ತಪಾಸಣೆಗೆ ಎಷ್ಟು ಹೊತ್ತು ಬೇಕು?

ಅರೇ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಒಂದು ಡಿಸ್ಕ್ ಎಷ್ಟು ದೊಡ್ಡದು ಎನ್ನುವುದೇ ಮುಖ್ಯ, ಏಕೆಂದರೆ ಎಲ್ಲ ಡಿಸ್ಕ್‌ಗಳನ್ನೂ ಒಟ್ಟಿಗೆ ಓದಲಾಗುತ್ತದೆ. ಎಂಟು ಟಿಬಿಯ ಡಿಸ್ಕ್ ಸೆಕೆಂಡಿಗೆ ಸರಾಸರಿ 150 ಎಂಬಿ ಓದಿದರೆ ಸುಮಾರು 15 ಗಂಟೆ ಬೇಕು, ಹದಿನಾರು ಟಿಬಿಯದು 180 ಎಂಬಿಯ ಸರಾಸರಿಯಲ್ಲಿ ಓದಿದರೂ ಒಂದು ಹಗಲು ಒಂದು ರಾತ್ರಿ ದಾಟುತ್ತದೆ. ಲಿನಕ್ಸ್‌ನಲ್ಲಿ ‘ಎಂಡಿಸ್ಟ್ಯಾಟ್’ ಎಂಬ ಕಡತವನ್ನು ತೆರೆದರೆ ಶೇ. 12.6 ಆಗಿದೆ, ಮುಗಿಯಲು 690 ನಿಮಿಷ, ವೇಗ ಸೆಕೆಂಡಿಗೆ 1,65,000 ಕೆಬಿ ಎಂಬಂಥ ಒಂದು ಸಾಲು ಕಾಣುತ್ತದೆ. ಆ 690 ನಿಮಿಷವನ್ನು ಪೂರ್ತಿ ನಂಬಬೇಡಿ. ಡಿಸ್ಕಿನ ಹೊರ ಸುತ್ತುಗಳು ಬೇಗ ಓದಲ್ಪಡುತ್ತವೆ, ಒಳಗೆ ಹೋದಂತೆ ವೇಗ ಇಳಿಯುತ್ತದೆ. ಕೊನೆಯ ಕಾಲು ಭಾಗ ಯಾವಾಗಲೂ ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಎಳೆಯುತ್ತದೆ.

ಯಾವ ದಿನ, ಯಾವ ಹೊತ್ತಿಗೆ ಇಡುವುದು ಒಳ್ಳೆಯದು?

ಪುಸ್ತಕದ ಉತ್ತರ ಭಾನುವಾರದ ನಡುರಾತ್ರಿ. ಕಾಸರಗೋಡಿನಲ್ಲಿ ಈ ಉತ್ತರ ಎಷ್ಟೋ ಕಡೆ ಕೆಲಸ ಮಾಡುವುದಿಲ್ಲ, ಅದಕ್ಕೆ ಕಾರಣ ಯಂತ್ರವಲ್ಲ.

ಒಂದು ಸಹಕಾರಿ ಸಂಘದಲ್ಲಿ ಮೂರು ವರ್ಷಗಳಿಂದ ತಪಾಸಣೆಯ ವೇಳಾಪಟ್ಟಿ ಇತ್ತು, ಸರಿಯಾಗಿಯೇ ಬರೆದಿತ್ತು. ಆದರೆ ದಾಖಲೆ ತೆಗೆದು ನೋಡಿದಾಗ ಒಂದೇ ಒಂದು ತಪಾಸಣೆಯೂ ನಡೆದಿರಲಿಲ್ಲ. ವಿಚಾರಿಸಿದರೆ, ಸಂಜೆ ಬಾಗಿಲು ಹಾಕುವಾಗ ಅಟೆಂಡರ್ ಮೈನ್ ಸ್ವಿಚ್ಚನ್ನೇ ಇಳಿಸಿ ಹೋಗುತ್ತಿದ್ದರು. “ಸಿಡಿಲು ಬಂದರೆ ಎಲ್ಲ ಸುಟ್ಟು ಹೋಗುತ್ತದಲ್ಲ ಸಾರ್” ಎಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿಯೂ, ಅಕ್ಟೋಬರ್-ನವೆಂಬರ್‌ನ ತುಲಾವರ್ಷದಲ್ಲಿಯೂ ಇಲ್ಲಿ ಸಿಡಿಲು ನಿಜವಾದ ಅಪಾಯ, ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಎಚ್ಚರದಿಂದಿರಿ ಎಂದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಆ ತಿಂಗಳುಗಳಲ್ಲಿ ಹೇಳುತ್ತದೆ. ಹಾಗಾಗಿ ಆ ಸಂಘದಲ್ಲಿ ರಾತ್ರಿಯ ಹಟ ಬಿಟ್ಟು ಬೇರೆ ದಾರಿ ಹಿಡಿದೆವು: ತಪಾಸಣೆ ಬೆಳಿಗ್ಗೆ 10ಕ್ಕೆ ಆರಂಭವಾಗಿ ಸಂಜೆ 4ಕ್ಕೆ ನಿಲ್ಲುತ್ತದೆ, ಮರುದಿನ ನಿಲ್ಲಿಸಿದಲ್ಲಿಂದ ಮುಂದುವರಿಯುತ್ತದೆ, ಮೂರು ದಿನಗಳಲ್ಲಿ ಮುಗಿಯುತ್ತದೆ. ಗುಡುಗಿನ ತಿಂಗಳುಗಳಲ್ಲಿ ಬೆಳಿಗ್ಗೆ 8ಕ್ಕೆ ಬಂದು ಬಾಗಿಲು ತೆರೆಯುವ ಒಬ್ಬರು ಅದನ್ನು ಆರಂಭಿಸಿ, ಮಧ್ಯಾಹ್ನಕ್ಕೆ ಮೊದಲು ನಿಲ್ಲಿಸುತ್ತಾರೆ. ಆಗ ದಿನಗಳು ಹೆಚ್ಚಾಗುತ್ತವೆ, ಆಗಲಿ.

ಕರೆಂಟು ಇಡೀ ರಾತ್ರಿ ಇರುವ, ಯುಪಿಎಸ್ ಚೆನ್ನಾಗಿರುವ ಕಡೆ ರಾತ್ರಿ 10ರ ನಂತರ ಆರಂಭಿಸುವುದೇ ಸರಿ. ಬ್ಯಾಕಪ್ ನಡೆಯುವ ಹೊತ್ತನ್ನು, ಸ್ಮಾರ್ಟ್‌ನ ದೀರ್ಘ ಪರೀಕ್ಷೆ ನಡೆಯುವ ದಿನವನ್ನು ಬಿಟ್ಟು ಇಡಿ. ಮೂರೂ ಒಂದೇ ಡಿಸ್ಕಿನ ಮೇಲೆ ಬಿದ್ದರೆ ಮೂರೂ ಕುಂಟುತ್ತವೆ. ಸಹಕಾರಿ ಸಂಘಗಳಲ್ಲಿ ತಿಂಗಳ ಕೊನೆಯ ದಿನಗಳನ್ನು ಮತ್ತು ಮಾರ್ಚ್ 31ರ ಹಿಂದುಮುಂದಿನ ವಾರವನ್ನು ಮುಟ್ಟದಿರುವುದು ಒಳ್ಳೆಯದು. ಏಪ್ರಿಲ್ ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯಾದರೆ ಡಿಸ್ಕಿನ ಉಷ್ಣತೆಯನ್ನೂ ಗಮನಿಸಬೇಕು. ತಪಾಸಣೆಯ ನಡುವೆ 50 ಡಿಗ್ರಿ ದಾಟಿದರೆ ನಾನು ನಿಲ್ಲಿಸಿಬಿಡುತ್ತೇನೆ.

ಓಣಂ ರಜೆಯಲ್ಲಿ ಶಾಲೆ ಹತ್ತು ದಿನ ಮುಚ್ಚಿರುತ್ತದೆ, ಆಗಲೇ ಇಟ್ಟರೆ ಯಾರಿಗೂ ತೊಂದರೆಯಿಲ್ಲವಲ್ಲ?

ತೊಂದರೆಯಾಗದಿರುವುದು ನಿಜ, ಆದರೆ ತೊಂದರೆ ಬಂದರೆ ನೋಡುವವರೂ ಇರುವುದಿಲ್ಲ. ತಪಾಸಣೆಯ ಹೊತ್ತಿನಲ್ಲೇ ದುರ್ಬಲ ಡಿಸ್ಕ್‌ಗಳು ತಮ್ಮ ಬಣ್ಣ ತೋರಿಸುವುದು. ಅರೇಯಿಂದ ಒಂದು ಡಿಸ್ಕ್ ಹೊರಬಿದ್ದು, ಒಂಬತ್ತು ದಿನ ಯಾರ ಗಮನಕ್ಕೂ ಬಾರದೆ ಉಳಿಯುವುದಕ್ಕಿಂತ ದೊಡ್ಡ ಅಪಾಯ ಬೇರೆ ಬೇಕೇ? ಅದು ಮುಗಿಯುವ ಹೊತ್ತಿಗೆ ಕಚೇರಿಯಲ್ಲಿ ಯಾರಾದರೂ ಇರುವಂತೆ, ಮರುದಿನ ಮಂಗಳೂರಿನ ಅಂಗಡಿಗಳು ತೆರೆದಿರುವಂತೆ ಲೆಕ್ಕ ಹಾಕಿ. ಕಾಸರಗೋಡಿನಿಂದ ಮಂಗಳೂರು 50 ಕಿಲೋಮೀಟರ್, ಬೆಳಿಗ್ಗೆ ಗೊತ್ತಾದರೆ ಸಂಜೆಯೊಳಗೆ ಡಿಸ್ಕ್ ತರಬಹುದು. ಇನ್ನೂ ಒಂದು ಮಾತು: ಗಡಿಯ ಆಚೆ ರಜೆ ಇರುವ ದಿನ ಈಚೆ ಇರುವುದಿಲ್ಲ, ಈಚೆ ಇರುವಾಗ ಆಚೆ ಇರುವುದಿಲ್ಲ, ಎರಡು ಕ್ಯಾಲೆಂಡರುಗಳನ್ನೂ ಗೋಡೆಗೆ ಹಾಕಿಕೊಂಡಿರಿ.

ನಮ್ಮ ಯಂತ್ರದಲ್ಲಿ ವೇಳಾಪಟ್ಟಿ ಮೊದಲೇ ಇರಬಹುದೇ?

ಇರುವ ಸಾಧ್ಯತೆಯೇ ಹೆಚ್ಚು, ಅದಕ್ಕೇ ಹೊಸದನ್ನು ಬರೆಯುವ ಮೊದಲು ಹುಡುಕಿ ನೋಡಬೇಕು. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನ ಹಳೆಯ ಆವೃತ್ತಿಗಳಲ್ಲಿ ತಿಂಗಳ ಮೊದಲ ಭಾನುವಾರ ನಡುರಾತ್ರಿ ಕಳೆದು 12:57ಕ್ಕೆ ರೇಡ್ ತಪಾಸಣೆ ತಾನಾಗಿ ಆರಂಭವಾಗುತ್ತಿತ್ತು. ಹೊಸ ಆವೃತ್ತಿಗಳಲ್ಲಿ ಆ ಕೆಲಸ ಗೊತ್ತಾದ ಹೊತ್ತಿಗೆ ಕೆಲಸ ಆರಂಭಿಸುವ ಸಿಸ್ಟಮ್‌ಡಿ ಟೈಮರಿಗೆ ಹೋಗಿದೆ. ರೆಡ್ ಹ್ಯಾಟ್ ಬಳಗದಲ್ಲಿ ಭಾನುವಾರ ನಸುಕಿನ 1 ಗಂಟೆಗೆ ಪ್ರತಿ ವಾರ ನಡೆಯುವ ರೂಢಿ. ಉಬುಂಟುವಿನ ಝಡ್‌ಎಫ್‌ಎಸ್ ಪೊಟ್ಟಣ ತಿಂಗಳ ಎರಡನೆಯ ಭಾನುವಾರ ನಡುರಾತ್ರಿ ಕಳೆದು 12:24ಕ್ಕೆ ಸ್ಕ್ರಬ್ ಇಡುತ್ತದೆ. ಇದನ್ನು ತಿಳಿಯದೆ ನೀವೂ ಒಂದು ಸಾಲು ಸೇರಿಸಿದರೆ ಒಂದೇ ತಿಂಗಳಲ್ಲಿ ಎರಡು ಮೂರು ಸಲ ಡಿಸ್ಕ್ ಪೂರ್ತಿ ತಿರುಗುತ್ತದೆ.

ಇಲ್ಲಿ ಮೂರು ಹೊಂಡಗಳಿವೆ, ಮೂರರಲ್ಲೂ ನಾನು ಬಿದ್ದಿದ್ದೇನೆ. ಯಂತ್ರದ ಗಡಿಯಾರ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ, ಇದ್ದರೆ ಭಾನುವಾರ ನಸುಕಿನ 1 ಗಂಟೆ ಎಂಬುದು ನಮಗೆ ಬೆಳಿಗ್ಗೆ 6:30. ಹದಿನೈದು ಗಂಟೆಯ ತಪಾಸಣೆ ಭಾನುವಾರ ರಾತ್ರಿಯವರೆಗೂ, ಗುಡುಗಿನ ಹೊತ್ತನ್ನೆಲ್ಲ ದಾಟಿಕೊಂಡು, ಎಳೆಯುತ್ತದೆ. ಎರಡನೆಯದು, ಗೊತ್ತುಮಾಡಿದ ವೇಳೆಗೆ ಆಜ್ಞೆಗಳನ್ನು ನಡೆಸುವ ಕ್ರಾನ್‌ನ ಒಂದು ವಿಚಿತ್ರ ನಿಯಮ: ತಿಂಗಳ ದಿನಾಂಕ ಮತ್ತು ವಾರದ ದಿನ ಎರಡನ್ನೂ ಕೊಟ್ಟರೆ, ಎರಡೂ ಹೊಂದಿದಾಗ ಅಲ್ಲ, ಯಾವುದಾದರೂ ಒಂದು ಹೊಂದಿದರೂ ಸಾಕೆಂದು ಅದು ಕೆಲಸ ಆರಂಭಿಸುತ್ತದೆ. ‘8ರಿಂದ 14’ ಎಂದೂ ‘ಭಾನುವಾರ’ ಎಂದೂ ಬರೆದವರಿಗೆ ಎರಡನೆಯ ಭಾನುವಾರ ಸಿಗುವುದಿಲ್ಲ. ಆ ಏಳೂ ದಿನಗಳು ಮತ್ತು ಉಳಿದೆಲ್ಲ ಭಾನುವಾರಗಳು ಸಿಗುತ್ತವೆ. ದಿನಾಂಕವನ್ನು ಮಾತ್ರ ಕ್ರಾನ್‌ಗೆ ಕೊಟ್ಟು, ಇವತ್ತು ಭಾನುವಾರ ಹೌದೇ ಎಂಬ ಪರೀಕ್ಷೆಯನ್ನು ಆಜ್ಞೆಯ ಒಳಗೆ ಇಡಬೇಕು. ಮೂರನೆಯದಾಗಿ, ಗೊತ್ತುಮಾಡಿದ ಹೊತ್ತಿಗೆ ಯಂತ್ರ ಆರಿದ್ದರೆ ಕ್ರಾನ್ ಆ ಸರದಿಯನ್ನು ಮರೆತೇಬಿಡುತ್ತದೆ. ಸಿಸ್ಟಮ್‌ಡಿ ಟೈಮರಿಗೆ ‘ಪರ್ಸಿಸ್ಟೆಂಟ್’ ಎಂದು ಹೇಳಿದ್ದರೆ ಅದು ಮರೆಯುವುದಿಲ್ಲ, ಆದರೆ ಸೋಮವಾರ ಬೆಳಿಗ್ಗೆ ಸ್ವಿಚ್ಚು ಹಾಕಿದ ಕೂಡಲೆ, ಕೌಂಟರಿನ ಮುಂದೆ ಸಾಲು ನಿಂತಿರುವಾಗ, ಬಾಕಿ ತೀರಿಸಲು ಹೊರಡುತ್ತದೆ.

ತಪಾಸಣೆ ನಡೆಯುವಾಗ ಕೆಲಸ ನಿಧಾನವಾಗುತ್ತದೆ. ಏನು ಮಾಡಬಹುದು?

ವೇಗಕ್ಕೆ ಕಡಿವಾಣ ಹಾಕಬಹುದು. ಲಿನಕ್ಸ್ ರೇಡ್‌ನಲ್ಲಿ ಕನಿಷ್ಠ ಮತ್ತು ಗರಿಷ್ಠ ಎಂಬ ಎರಡು ಮಿತಿಗಳಿವೆ. ತಾನಾಗಿ ಇರುವುದು ಸೆಕೆಂಡಿಗೆ 1,000 ಕೆಬಿ ಮತ್ತು 2,00,000 ಕೆಬಿ. ಬೇರೆ ಕೆಲಸ ಇಲ್ಲದಿದ್ದರೆ ಗರಿಷ್ಠದವರೆಗೆ ಓಡುತ್ತದೆ, ಬೇರೆ ಕೆಲಸ ಬಂದರೆ ಕನಿಷ್ಠದ ಕಡೆಗೆ ಇಳಿಯುತ್ತದೆ. ಹಗಲು ಹೊತ್ತಿನಲ್ಲಿ ಗರಿಷ್ಠವನ್ನು 50,000ಕ್ಕೆ ಇಳಿಸಿದರೆ ಕೌಂಟರಿನಲ್ಲಿರುವವರು ದೂರುವುದಿಲ್ಲ ಎಂಬುದು ನನ್ನ ಅನುಭವ. ಆದರೆ ಕನಿಷ್ಠವನ್ನು 1,000ದಲ್ಲೇ ಬಿಟ್ಟು, ಅರೇಯ ಮೇಲೆ ಸಿಸಿಟಿವಿಯಂಥ ಬಿಡುವಿಲ್ಲದ ಬರಹ ಇದ್ದರೆ ಏನಾಗುತ್ತದೆ ನೋಡಿ: ಆ ವೇಗದಲ್ಲಿ ಎಂಟು ಟಿಬಿಯ ಡಿಸ್ಕ್ ಮುಗಿಯಲು 90 ದಿನ ಬೇಕು, ಅಂದರೆ ಮೂರು ತಿಂಗಳ ತಪಾಸಣೆಗಳು ಒಂದರ ಮೇಲೊಂದು ಬಂದು ಕುಳಿತುಕೊಳ್ಳುತ್ತವೆ. ಅಂಥ ಕಡೆ ಕನಿಷ್ಠವನ್ನೇ ಏರಿಸಬೇಕು. ರೇಡ್ ಕಾರ್ಡುಗಳಲ್ಲಿ ಇದೇ ಹಿಡಿತ ಶೇಕಡಾವಾರು ರೂಪದಲ್ಲಿರುತ್ತದೆ.

ನಡುವೆ ಕರೆಂಟು ಹೋದರೆ?

ತಪಾಸಣೆ ಮುಖ್ಯವಾಗಿ ಓದುವ ಕೆಲಸವಾದ್ದರಿಂದ ಅದರಿಂದಲೇ ಮಾಹಿತಿ ಕೆಡುವುದಿಲ್ಲ. ಝಡ್‌ಎಫ್‌ಎಸ್ ತಾನು ಎಲ್ಲಿಯವರೆಗೆ ಓದಿದ್ದೇನೆಂದು ನೆನಪಿಟ್ಟುಕೊಂಡು ಯಂತ್ರ ಎದ್ದ ಮೇಲೆ ಮುಂದುವರಿಸುತ್ತದೆ. ಅದಕ್ಕೆ ವಿರಾಮ ಕೊಡುವ ಆಜ್ಞೆಯೂ ಇದೆ. ಲಿನಕ್ಸ್ ರೇಡ್‌ನ ಸಾದಾ ‘ಚೆಕ್’ ಮೊದಲಿನಿಂದ ಆರಂಭಿಸಬೇಕಾಗುತ್ತದೆ, ದಿನಕ್ಕೆ ಕೆಲವು ಗಂಟೆಯಂತೆ ನಡೆಸಿ ಜಾಗ ಗುರುತಿಟ್ಟುಕೊಳ್ಳುವ ‘ಎಂಡಿಚೆಕ್’ ಎಂಬ ಸಾಧನವನ್ನು ಬಳಸಿದರೆ ಆ ಕಷ್ಟವಿಲ್ಲ. ಮೇಲೆ ಹೇಳಿದ ಸಂಘದಲ್ಲಿ ಬಳಸುವುದು ಅದನ್ನೇ. ನಿಜವಾಗಿ ಹೆದರಬೇಕಾದದ್ದು ಕರೆಂಟು ಹೋದ ಕ್ಷಣದಲ್ಲಿ ನಡೆಯುತ್ತಿದ್ದ ಬರಹಕ್ಕೆ: ರೇಡ್ 5ರಲ್ಲಿ ಮಾಹಿತಿ ಬರೆದಾಗಿ ಪ್ಯಾರಿಟಿ ಬರೆಯುವ ಮೊದಲೇ ಆರಿದರೆ ಎರಡೂ ಹೊಂದದೆ ಉಳಿಯುತ್ತವೆ. ಯುಪಿಎಸ್‌ನ ಬ್ಯಾಟರಿ ಮುಗಿಯುವ ಮೊದಲು ಯಂತ್ರ ತಾನಾಗಿ ಆರುವಂತೆ ತಂತಿ ಜೋಡಿಸಿ ಹೊಂದಿಸಿಡಿ. ಆ ತಂತಿಯನ್ನು ಪೊಟ್ಟಣದಿಂದ ಹೊರಗೇ ತೆಗೆಯದ ಕಚೇರಿಗಳನ್ನು ನಾನು ಬೇಕಷ್ಟು ನೋಡಿದ್ದೇನೆ.

‘ಚೆಕ್’ ಬದಲು ‘ರಿಪೇರ್’ ಎಂದೇ ಇಟ್ಟರೆ ಒಂದೇ ಸಲಕ್ಕೆ ಸರಿಯಾಗುವುದಿಲ್ಲವೇ?

ದಯವಿಟ್ಟು ಹಾಗೆ ಮಾಡಬೇಡಿ. ಓದಲಾಗದ ಸೆಕ್ಟರ್ ಸಿಕ್ಕಿದರೆ ಅದನ್ನು ಉಳಿದ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಮತ್ತೆ ಬರೆಯುವ ಕೆಲಸವನ್ನು ‘ಚೆಕ್’ ಕೂಡ ಮಾಡುತ್ತದೆ. ಅಷ್ಟರ ಮಟ್ಟಿಗೆ ಅದು ಬರಿಯ ನೋಟವಲ್ಲ. ವ್ಯತ್ಯಾಸ ಬರುವುದು ಎಲ್ಲ ಡಿಸ್ಕ್‌ಗಳೂ ಸಲೀಸಾಗಿ ಓದಿಕೊಟ್ಟು, ಕೊಟ್ಟದ್ದು ಮಾತ್ರ ಒಂದಕ್ಕೊಂದು ಹೊಂದದಿದ್ದಾಗ. ಇಬ್ಬರು ಸಾಕ್ಷಿಗಳು ಬೇರೆ ಬೇರೆ ಹೇಳಿದರೆ ಯಾರ ಮಾತು ಸತ್ಯ ಎಂದು, ಎರಡು ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿಯ ಪ್ರತಿ ಇಡುವ ರೇಡ್ 1ಕ್ಕೆ ತಿಳಿಯದು. ‘ರಿಪೇರ್’ ಎಂದರೆ ಅದು ಮೊದಲ ಸಾಕ್ಷಿಯ ಮಾತನ್ನೇ ಎರಡನೆಯವನ ಬಾಯಿಗೂ ಹಾಕುತ್ತದೆ. ರೇಡ್ 5 ಮತ್ತು 6ರಲ್ಲಿ ಮಾಹಿತಿಯೇ ಸರಿ ಎಂದು ಊಹಿಸಿ ಪ್ಯಾರಿಟಿಯನ್ನು ಹೊಸದಾಗಿ ಬರೆಯುತ್ತದೆ. ಊಹೆ ತಪ್ಪಾಗಿದ್ದರೆ ಸರಿಯಾದ ಪ್ರತಿಯ ಕುರುಹೂ ಉಳಿಯುವುದಿಲ್ಲ, ಅದೂ ನಡುರಾತ್ರಿ, ಯಾರಿಗೂ ಗೊತ್ತಾಗದಂತೆ. ವೇಳಾಪಟ್ಟಿಯಲ್ಲಿ ‘ಚೆಕ್’ ಮಾತ್ರ ಇರಲಿ. ‘ರಿಪೇರ್’ ಮನುಷ್ಯನೊಬ್ಬ ಯೋಚಿಸಿ, ಬ್ಯಾಕಪ್ ನೋಡಿಕೊಂಡು, ಕೈಯಾರೆ ಕೊಡುವ ಆಜ್ಞೆ.

ತಪಾಸಣೆ ಮುಗಿದ ಮೇಲೆ ಹೊಂದದ ಸೆಕ್ಟರುಗಳ ಸಂಖ್ಯೆ ಸೊನ್ನೆ ಅಲ್ಲ. ಗಾಬರಿಪಡಬೇಕೇ?

ಅರೇ ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ರೇಡ್ 1 ಅಥವಾ 10 ಆಗಿದ್ದು, ಅದರ ಮೇಲೆ ಸ್ವಾಪ್ ಜಾಗ (ಮೆಮೊರಿ ಸಾಲದಾಗ ಅದರ ಪುಟಗಳನ್ನು ಇಡುವ ಜಾಗ) ಇದ್ದರೆ ಸ್ವಲ್ಪ ವ್ಯತ್ಯಾಸ ಬರುವುದುಂಟು: ಬರೆಯುತ್ತಿರುವಾಗಲೇ ಮೆಮೊರಿಯಲ್ಲಿ ಪುಟ ಬದಲಾಗಿ, ಎರಡು ಡಿಸ್ಕ್‌ಗಳಿಗೆ ಬೇರೆ ಬೇರೆ ರೂಪ ಹೋಗಿ, ಆಮೇಲೆ ಆ ಪುಟವೇ ಬೇಡವಾಗಿರುತ್ತದೆ. ರೇಡ್ 5 ಮತ್ತು 6ರಲ್ಲಿ ಮಾತ್ರ ಸೊನ್ನೆಯಲ್ಲದ ಸಂಖ್ಯೆಗೆ ಇಂಥ ಸಮಾಧಾನವಿಲ್ಲ. ಮೆಮೊರಿ, ಕೇಬಲ್, ಕಂಟ್ರೋಲರ್, ಹಿಂದಿನ ಕರೆಂಟು ಕಡಿತ ಎಲ್ಲವನ್ನೂ ಅನುಮಾನಿಸಬೇಕು. ಮರುದಿನ ಇನ್ನೊಮ್ಮೆ ಚೆಕ್ ನಡೆಸಿ. ಸಂಖ್ಯೆ ಅಷ್ಟೇ ಇದ್ದರೆ ಹಳೆಯ ಗಾಯ, ಏರುತ್ತಿದ್ದರೆ ಈಗಲೂ ರಕ್ತ ಸುರಿಯುತ್ತಿದೆ.

ಸ್ಮಾರ್ಟ್ ವರದಿಯಲ್ಲಿ ಯಾವ ಸಾಲುಗಳನ್ನು ನೋಡಬೇಕು?

ಐದನೆಯ ಸಂಖ್ಯೆಯ ಸಾಲು, ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರುಗಳದ್ದು, 197, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳದ್ದು, 198, ಸರಿಪಡಿಸಲಾಗದವು. ತಪಾಸಣೆಗೆ ಮೊದಲೂ ನಂತರವೂ ಈ ಮೂರನ್ನು ಬರೆದಿಟ್ಟುಕೊಳ್ಳಿ. ತಪಾಸಣೆಯ ನಂತರ 197 ಇಳಿದು 5 ಸ್ವಲ್ಪ ಏರಿದ್ದರೆ ಕೆಲಸ ಆಗಿದೆ ಎಂದರ್ಥ. ಪ್ರತಿ ತಿಂಗಳೂ 5 ಏರುತ್ತಿದ್ದರೆ ಡಿಸ್ಕ್ ಬದಲಿಸುವ ಕಾಲ ಬಂದಿದೆ. 199, ಡಿಸ್ಕಿಗೂ ಯಂತ್ರಕ್ಕೂ ನಡುವಿನ ಸಾಗಣೆಯ ದೋಷಗಳದ್ದು, ಏರಿದರೆ ಮೊದಲು ಕೇಬಲ್ ಬದಲಿಸಿ ನೋಡಿ. ಕಡಲ ಗಾಳಿಯ ನಮ್ಮ ಊರಿನಲ್ಲಿ ತಾಮ್ರದ ತುದಿಗಳು ಬೇಗ ಮಾಸುತ್ತವೆ.

ವರದಿ ಯಾರಿಗೆ ಹೋಗಬೇಕು?

ಓದುವವರಿಗೆ. ಉಡಾಫೆಯ ಉತ್ತರವೆಂದುಕೊಳ್ಳಬೇಡಿ, ಇಡೀ ವಿಷಯದಲ್ಲಿ ಹೆಚ್ಚು ಎಡವುವುದು ಇಲ್ಲಿಯೇ. ಯಂತ್ರ ಇಂಗ್ಲಿಷಿನಲ್ಲಿ ಮಿಂಚಂಚೆ ಕಳಿಸುತ್ತದೆ. ಕಾರ್ಯದರ್ಶಿಗಳು ಕನ್ನಡದವರು, ಕೌಂಟರಿನ ಹುಡುಗಿ ಮಲಯಾಳದಲ್ಲಿ ಓದಿದವಳು, ಕರೆದರೆ ಬರುವ ಟೆಕ್ನೀಶಿಯನ್ ಕಣ್ಣೂರಿನವರು. ಕೆಲಸ ಬಿಟ್ಟು ಹೋದವರೊಬ್ಬರ ವಿಳಾಸಕ್ಕೆ ಎರಡು ವರ್ಷ ಎಚ್ಚರಿಕೆಗಳು ಹೋಗುತ್ತಲೇ ಇದ್ದ ಉದಾಹರಣೆ ನನ್ನ ಕಣ್ಣಮುಂದೆಯೇ ಇದೆ. ಈಗ ನಾನು ಮಾಡುವುದು ಇಷ್ಟು: ಪೆಟ್ಟಿಗೆಯ ಪಕ್ಕದಲ್ಲಿ ನೂರು ಪುಟದ ಒಂದು ನೋಟುಪುಸ್ತಕ, ಕನ್ನಡ ಮಲಯಾಳ ಎರಡರಲ್ಲೂ ತಲೆಬರಹ ಬರೆದ ಐದು ಅಂಕಣಗಳು. ಆರಂಭವಾದ ದಿನ, ಮುಗಿದ ದಿನ, ಹೊಂದದ ಸಂಖ್ಯೆ, ಮೇಲೆ ಹೇಳಿದ ಸ್ಮಾರ್ಟ್ ಸಂಖ್ಯೆಗಳು, ಬರೆದವರ ಸಹಿ. ತಪಾಸಣೆ ಯಶಸ್ವಿಯಾದಾಗಲೂ ಸಂದೇಶ ಬರುವಂತೆ ಇಡಬೇಕು. ದೋಷವಿದ್ದಾಗ ಮಾತ್ರ ಬರುವಂತಿದ್ದರೆ ಮೌನಕ್ಕೆ ‘ಎಲ್ಲ ಸರಿ’ ಎಂಬ ಅರ್ಥವೂ ಇದೆ, ‘ತಪಾಸಣೆ ನಡೆದೇ ಇಲ್ಲ’ ಎಂಬ ಅರ್ಥವೂ ಇದೆ.

ತಪಾಸಣೆ ಮಾಡಿದ್ದರಿಂದಲೇ ನಮ್ಮ ಡಿಸ್ಕ್ ಹಾಳಾಯಿತು ಎನ್ನುತ್ತಾರಲ್ಲ?

ಹಾಳಾಗಿದ್ದ ಡಿಸ್ಕ್ ಆ ದಿನ ಬೆಳಕಿಗೆ ಬಂತು ಎನ್ನುವುದು ಹೆಚ್ಚು ಸರಿ. ಆದರೆ ಒಂದು ನಿಜವಾದ ತೊಡಕಿದೆ. ಮೇಜಿನ ಕಂಪ್ಯೂಟರಿನ ಡಿಸ್ಕ್‌ಗಳು ಓದಲಾಗದ ಸೆಕ್ಟರನ್ನು ಒಂದೆರಡು ನಿಮಿಷಗಳವರೆಗೂ ಹಟ ಹಿಡಿದು ಓದಲು ಯತ್ನಿಸಬಹುದು. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡು ಮಾತ್ರ ಕಾದು, ಡಿಸ್ಕೇ ಸತ್ತಿದೆ ಎಂದು ತಿಳಿದು ಅರೇಯಿಂದ ಹೊರಗೆ ಹಾಕುತ್ತದೆ. ಒಂದು ಸೆಕ್ಟರಿಗಾಗಿ ಇಡೀ ಡಿಸ್ಕ್ ಹೋಗುವುದು ಹೀಗೆ. ನ್ಯಾಸ್‌ಗೆಂದು ಮಾಡಿದ ಡಿಸ್ಕ್‌ಗಳು ಸುಮಾರು 7 ಸೆಕೆಂಡಿನಲ್ಲಿ ಕೈಬಿಟ್ಟು ದೋಷವನ್ನು ಒಪ್ಪಿಕೊಳ್ಳುತ್ತವೆ, ಉಳಿದ ಕೆಲಸವನ್ನು ಅರೇ ಮಾಡುತ್ತದೆ. ಅಂಥ ಡಿಸ್ಕ್ ಇಲ್ಲದಿದ್ದರೆ ಲಿನಕ್ಸ್ ಕಾಯುವ ಅವಧಿಯನ್ನು 180 ಸೆಕೆಂಡಿಗೆ ಏರಿಸಿ, ಅದು ಪ್ರತಿ ಸಲ ಯಂತ್ರ ಏಳುವಾಗಲೂ ಜಾರಿಯಾಗುವಂತೆ ಮಾಡಿ.

ಎಸ್‌ಎಸ್‌ಡಿಗಳಿಗೂ ಬೇಕೇ?

ಬೇಕು. ಓದುವುದರಿಂದ ಅವುಗಳ ಬರಹದ ಆಯುಷ್ಯ ಗಣನೀಯವಾಗಿ ಸವೆಯುವುದಿಲ್ಲ, ತಪಾಸಣೆಯೂ ಬೇಗ ಮುಗಿಯುತ್ತದೆ.

ತಪಾಸಣೆ ಇದ್ದರೆ ಬ್ಯಾಕಪ್ ಬೇಡವೇ?

ಬೇಕು. ತಪ್ಪಿ ಅಳಿಸಿದ ಕಡತ ಎಲ್ಲ ಡಿಸ್ಕ್‌ಗಳಿಂದಲೂ ಅಚ್ಚುಕಟ್ಟಾಗಿ ಅಳಿದಿರುತ್ತದೆ, ತಪಾಸಣೆ ಅದನ್ನು ಸರಿಯೆಂದೇ ಹೇಳುತ್ತದೆ.

ನಮ್ಮ ಅರೇಗೆ ಐದು ವರ್ಷಗಳಿಂದ ಒಮ್ಮೆಯೂ ತಪಾಸಣೆ ನಡೆದಿಲ್ಲ. ಇವತ್ತೇ ಆರಂಭಿಸಬಹುದೇ?

ಇವತ್ತು ಬೇಡ. ಮೊದಲು ಕಳೆದುಹೋದರೆ ಮತ್ತೆ ಸಿಗದಂಥದು ಯಾವುದೋ ಅದನ್ನು ಬೇರೊಂದು ಡಿಸ್ಕಿಗೆ ಪ್ರತಿ ಮಾಡಿ, ಆ ಡಿಸ್ಕನ್ನು ಪೆಟ್ಟಿಗೆಯಿಂದ ಕಳಚಿ ಬೇರೆ ಕಟ್ಟಡದಲ್ಲಿಡಿ. ಎಲ್ಲ ಡಿಸ್ಕ್‌ಗಳ ಸ್ಮಾರ್ಟ್ ವರದಿ ತೆಗೆದು, 197ರ ಎದುರು ಸೊನ್ನೆ ಇಲ್ಲದ ಡಿಸ್ಕ್ ಒಂದಕ್ಕಿಂತ ಹೆಚ್ಚಿವೆಯೇ ಎಂದು ನೋಡಿ. ಹೆಚ್ಚಿದ್ದರೆ ತಪಾಸಣೆಗೆ ಮೊದಲೇ ಪ್ರತಿಯನ್ನು ಪೂರ್ತಿ ಮಾಡಿಕೊಳ್ಳಬೇಕು. ಆ ಅಳತೆಯ ಹೊಸ ಡಿಸ್ಕ್ ಒಂದು ಕೈಯಲ್ಲಿರಲಿ. ಆಮೇಲೆ ಮಂಗಳವಾರವೋ ಬುಧವಾರವೋ ಬೆಳಿಗ್ಗೆ, ಗರಿಷ್ಠ ವೇಗವನ್ನು ಇಳಿಸಿ, ನೀವೇ ಪಕ್ಕದಲ್ಲಿ ಕುಳಿತು ಕೈಯಾರೆ ಆರಂಭಿಸಿ, ಮೊದಲ ಒಂದು ಗಂಟೆ ದಾಖಲೆಯ ಸಾಲುಗಳನ್ನು ನೋಡುತ್ತಿರಿ. ಅದು ಮುಗಿದು, ನೋಟುಪುಸ್ತಕದ ಮೊದಲ ಸಾಲು ಬರೆದಾದ ಮೇಲೆ ವೇಳಾಪಟ್ಟಿಯನ್ನು ಹಾಕಿ.